ಮಾಮ ಕುಡಿದ ಮೂರು ಲೋಟ ಪಾಯಸ

ಲಿಂಗಸುಗೂರಿನಲ್ಲಿ ವಕೀಲನಾಗಿದ್ದ ನಮ್ಮ ಸೋದರಮಾವನಿಗೆ ಸೂರ್ಯನ ಮೇಲೂ ಸಂಶಯ. "ಇವತ್ತು ಮೂಡ್ಯಾನ, ಖರೆ. ನಾಳಿಗೆ ಸಾಕ್ಷಿ ಏನೈತಿ?" ಎನ್ನುವವನು!

ಸಿಂಧನೂರಿನ ಸಂತೆಗೆ ಹೋದರೆ ಚೀಲದಲ್ಲಿ ತನ್ನದೇ ಒಂದು ತೂಕದ ಕಲ್ಲು ಒಯ್ಯುತ್ತಿದ್ದ. ಬದನೆಕಾಯಿ ಮಾರುವಾಕೆ ಒಮ್ಮೆ, "ವಕೀಲ್ ಸಾಹೇಬ್ರ, ನಿಮ್ಮ ಕಲ್ಲು ತೂಗಿದವರು ಯಾರ್ರೀ?" ಎಂದಳು. ಮುಂದಿನ ವಾರದಿಂದ ಎರಡು ಕಲ್ಲು ಒಯ್ಯತೊಡಗಿದ. ಜ್ವರ ಬಂದರೆ ಥರ್ಮಾಮೀಟರನ್ನು ಮೊದಲು ಕಂಪೌಂಡರ್ ಬಾಯಿಗಿಡಿಸಿ, ಅವನಿಗೆ ಜ್ವರವಿಲ್ಲವೆಂದು ಖಾತ್ರಿಯಾದ ಮೇಲೇ ತಾನು ಬಾಯಿ ತೆರೆಯುತ್ತಿದ್ದ. ಜನ್ಮದಲ್ಲಿ ಅವನು ನಂಬಿದ್ದು ಒಂದೇ ರಿಪೋರ್ಟು, ತನ್ನ ಸಕ್ಕರೆ ಕಾಯಿಲೆಯದು. ಹತ್ತು ವರ್ಷ ಸಿಹಿ ಮುಟ್ಟಿರಲಿಲ್ಲ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಮಸ್ಕಿಯಲ್ಲಿ ಮದುವೆ ಉಂಡು ಬಸ್ಸು ಹತ್ತಿದೆ. ತಪಾಸಣೆಯಲ್ಲಿ ನನ್ನ ಸೀಟಿನ ಕೆಳಗೆ ಯಾರದೋ ಅಫೀಮಿನ ಪುಡಿಕೆ ಸಿಕ್ಕಿತು. ಪೊಲೀಸರು ನನ್ನ ಮೂತ್ರ ಪರೀಕ್ಷೆ ಮಾಡಿಸಿದರೆ ಅದರಲ್ಲೂ ಅಫೀಮಿನ ಅಂಶ! ಬಾಲಾಪರಾಧಿಗಳ ಕೋರ್ಟು ಆ ರಿಪೋರ್ಟನ್ನು ಒಪ್ಪಿದರೆ ನನಗೆ ರಿಮ್ಯಾಂಡ್ ಹೋಮೇ ಗತಿ, ಶಾಲೆಗೆ ಶರಣು. ಅವ್ವ ಊಟ ಬಿಟ್ಟಳು.

ಕೋರ್ಟಿನಲ್ಲಿ ಮಾಮ ಇನ್ನೊಂದು ರಿಪೋರ್ಟು ಮುಂದಿಟ್ಟ. ಅದೇ ಪ್ರಯೋಗಾಲಯದ್ದು, ಅದರಲ್ಲೂ ಅಫೀಮು.

"ಇದು ಯಾರದು?" ಎಂದರು ನ್ಯಾಯಾಧೀಶರು.

"ನಂದ್ರೀ. ಅದೇ ಮದುವಿ ಅಡಿಗಿಯವನ ಕಡಿಂದ ಗಸಗಸಿ ಪಾಯಸ ಮಾಡಿಸಿ, ಹುಡುಗ ಕುಡದಂಗ ಮೂರು ಲೋಟ ಕುಡದೆ. ಗಸಗಸಿ ಅಫೀಮು ಗಿಡದ ಬೀಜ ಅಲ್ರೀ? ಇವನ್ನ ಒಳಗ ಕಳಸೂದಾದ್ರ ನನ್ನೂ ಕಳಸ್ರಿ. ಮದುವಿ ಉಂಡ ಬೀಗರೆಲ್ಲ ಹಿಂದ ಬರ್ತಾರ."

ನ್ಯಾಯಾಧೀಶರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಹಿಂದಿನ ವಾರವಷ್ಟೇ ಅವರ ಮಗಳ ಮದುವೆಯಾಗಿತ್ತಂತೆ. ಪುಡಿಕೆ ನನ್ನದೆನ್ನಲು ಬೇರೆ ಸಾಕ್ಷಿಯಿಲ್ಲದೆ ಕೇಸು ಬಿದ್ದುಹೋಯಿತು.

ಮಾಮನ ಮನೆಗೆ ಬಂದು ಕುಣಿಯುತ್ತಿದ್ದ ನನ್ನನ್ನು ಅತ್ತೆ ಒಳಗೆ ಕರೆದಳು. "ಆ ಪಾಯಸ ಕುಡದು ನಿಮ್ಮ ಮಾಮ ಎಂಟು ದಿನ ದವಾಖಾನಿಯಾಗಿದ್ದ. ನಿನಗ ಹೇಳಬ್ಯಾಡ ಅಂದಿದ್ದ."

ಪಡಸಾಲೆಯಲ್ಲಿ ಸಪ್ಪೆ ಚಹಾ ಕುಡಿಯುತ್ತಿದ್ದವನ ಪಕ್ಕ ಹೋಗಿ ಕುಳಿತೆ.

"ಮಾಮಾ, ಒಂದು ಸಲನೂ ನೀ 'ಅಫೀಮು ತಿಂದೀ ಏನಲೇ' ಅಂತ ನನ್ನ ಕೇಳಲೇ ಇಲ್ಲಲ್ಲ?"

"ಕೇಳೂದೇನೈತಿ? ಪಾಯಸದ ಮ್ಯಾಲ ಸಂಶಯ ಇತ್ತು, ಕುಡದು ನೋಡಿದೆ. ನಿನ್ನ ಮ್ಯಾಲ ಇರಲಿಲ್ಲ."