ಅಳಿಸಬಾರದ ಕೂಸು

ನಗಬಾರದ ಸ್ಥಳದಲ್ಲಿಯೇ ನಗೆ ಒದಗಿಬರುವುದು ನಮ್ಮ ಮನೆತನಕ್ಕೆ ತಗುಲಿದ ಹಳೆಯ ಶಾಪ. ಮೊಮ್ಮಗಳು ಹುಟ್ಟಿದ ಮೇಲೆ ಅದು ನಿತ್ಯದ ಮಾತಾಯಿತು. ಅತ್ತರೆ ಆ ಕೂಸಿನ ತುಟಿ, ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ ಉಸಿರು ಕಟ್ಟುತ್ತಿತ್ತು. ಆದುದರಿಂದ ದೆಹಲಿಯ ಲೋಧಿ ಕಾಲೋನಿಯ ಮಗನ ಸರಕಾರಿ ಮನೆಯಲ್ಲಿ ಅವಳನ್ನು ಅಳಿಸಕೂಡದೆಂಬುದೊಂದೇ ಶಾಸನ. ಅದನ್ನು ಹೊರಡಿಸಿದವಳು ನನ್ನ ಹೆಂಡತಿ.

೧. ತಕ್ಕಡಿ

ಒಂದು ಬೆಳಗ್ಗೆ ಕೂಸು ತರಕಾರಿಯವನ ತಕ್ಕಡಿಯನ್ನು ಹಿಡಿದುಕೊಂಡು ಬಿಡಲೊಲ್ಲದು. ತುಟಿ ನಡುಗತೊಡಗಿತು. ನನ್ನ ಮಗ ಸಚಿವಾಲಯದ ಅಧಿಕಾರಿ. ಕೇಳಿದ್ದನ್ನು ಕೇಳಿದ ದಿನವೇ ಯಾರಿಗೂ ಮಂಜೂರು ಮಾಡಿದವನಲ್ಲ. ಅಂದು ಮಾತ್ರ ಕೈಮುಗಿದು, "ಭಯ್ಯಾ, ತಕ್ಕಡಿ ಇವಳ ಹತ್ತಿರವೇ ಇರಲಿ" ಎಂದ. ತರಕಾರಿಯವನು ಕೂಸಿನ ತುಟಿಯನ್ನು ನೋಡಿ, ತಕ್ಕಡಿಯನ್ನು ಬಿಟ್ಟುಹೋದ. ಮುಂದೆ ಒಂದು ವಾರ ನಮ್ಮ ಬೀದಿಯವರೆಲ್ಲ ಬದನೆಕಾಯಿಯನ್ನು ಅವನ ಅಂಗೈಯ ಅಂದಾಜಿನಲ್ಲಿಯೇ ಕೊಂಡರು. ಅಂದಾಜು ತಕ್ಕಡಿಗಿಂತ ಉದಾರವೆಂದು ಕಂಡುಕೊಂಡ ನನ್ನ ಹೆಂಡತಿ ಅದನ್ನು ಹಿಂದಿರುಗಿಸಲು ಅವಸರಪಡಲಿಲ್ಲ.

೨. ಎಕ್ಸ್-ರೇ

ಆಸ್ಪತ್ರೆಯ ವೈದ್ಯೆ ಎದೆಯ ಎಕ್ಸ್-ರೇ ತೆಗೆಸಹೇಳಿದರು. ಮಗ ಸೊಸೆಯರಿಗೆ ಧೈರ್ಯ ಸಾಲದೆ, ಸೀಸದ ಅಂಗಿ ತೊಟ್ಟು ಕೂಸಿನ ಕೈ ಹಿಡಿದವನು ನಾನು, ಕಾಲು ಹಿಡಿದವಳು ನನ್ನ ಹೆಂಡತಿ. ಮಕ್ಕಳು ಅಳುವಿನ ನಡುವೆ ಉಸಿರನ್ನು ತುಂಬ ಒಳಗೆಳೆಯುತ್ತವೆ, ಆ ಕ್ಷಣದಲ್ಲಿ ಗುಂಡಿ ಒತ್ತಬೇಕು, ಉಸಿರು ಹೊರಬಿಟ್ಟಾಗ ತೆಗೆದರೆ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂದು ವಿವರಿಸಿ, ಯಂತ್ರದವನು ಅಳುವಿಗಾಗಿ ಕಾದು ನಿಂತ. ಕೂಸು ಅವನನ್ನು ನೋಡಿ ನಕ್ಕಿತು. ಯಾರೂ ಅಳಿಸದೆ ಬೆಳೆಸಿದ ಅದಕ್ಕೆ ಅಪರಿಚಿತನೆಂದರೆ ಹೊಸ ಸೇವಕ. ಸ್ವಲ್ಪ ಚಿವುಟಿರೆಂದು ಅವನು ಸೂಚಿಸಲು, ನನ್ನ ಹೆಂಡತಿ ಅವನನ್ನೇ ಚಿವುಟುವವಳಂತೆ ನೋಡಿದಳು.

ಬೇರೇನೂ ತೋಚದೆ ನಾನು ಬಾಯಿಪಾಠವಿದ್ದ ಹಳಗನ್ನಡ ಗದ್ಯವನ್ನು ಹೇಳತೊಡಗಿದೆ. ಮೂರನೆಯ ವಾಕ್ಯಕ್ಕೆ ಕೂಸು ಬಾಯಗಲಿಸಿ ದೀರ್ಘವಾಗಿ ಆಕಳಿಸಿತು. "ಅಚ್ಛಾ" ಎಂದವನೇ ಅವನು ಗುಂಡಿ ಒತ್ತಿದ. ಉಸಿರು ಇಷ್ಟು ಚೆನ್ನಾಗಿ ತುಂಬಿದ ಚಿತ್ರ ಅಪರೂಪವೆಂದು ವೈದ್ಯೆ ಮೆಚ್ಚಿದರು. ಮೂವತ್ತೈದು ವರ್ಷ ಕಾಲೇಜಿನಲ್ಲಿ ನನ್ನ ಪಾಠಕ್ಕೆ ಆಕಳಿಸಿದವರ ಚಿತ್ರ ತೆಗೆಯಲು ಯಾರೂ ಇರಲಿಲ್ಲವಲ್ಲ ಎಂಬುದೊಂದೇ ಕೊರಗು.

೩. ಬೂಟು

ವೈದ್ಯೆ ನಮ್ಮ ಕಡೆಯವರೇ. ಚಿತ್ರವನ್ನು ತೋರಿಸಿ ಕನ್ನಡದಲ್ಲಿಯೇ ತಿಳಿಸಿದರು: ಹೃದಯದ ತುದಿ ಬೂಟಿನ ಮೂತಿಯಂತೆ ಮೇಲೆದ್ದಿದೆ, ಶ್ವಾಸಕೋಶಕ್ಕೆ ರಕ್ತ ಸಾಲದೆ ಅಲ್ಲಿ ಕಪ್ಪು ಹೆಚ್ಚಿದೆ, ಇದು ಹುಟ್ಟಿನಿಂದಲೇ ಬಂದ ದೋಷದ ಗುರುತು, ಹೃದಯದ ಎಕೋ ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡಬೇಕು. ಸೊಸೆ ಮುಖ ಮುಚ್ಚಿಕೊಂಡಳು. ನನ್ನ ಹೆಂಡತಿ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿದಳು.

"ಹೃದಯ ದೇವರು ಕೂರೋ ಜಾಗ ಅಂತಾರೆ. ಒಳಗೆ ಬರುವಾಗ ಬೂಟು ಕಳಚಿಡಬೇಕು ಅಂತ ಅವನಿಗೆ ಯಾರೂ ಹೇಳಲಿಲ್ಲವೇ, ಡಾಕ್ಟ್ರೇ?"

ವೈದ್ಯೆ ನಕ್ಕರು. ಆಮೇಲೆ ಕನ್ನಡಕ ತೆಗೆದು, ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದರು.

೪. ಮೆಟ್ಟಿಲು

ಶಸ್ತ್ರಚಿಕಿತ್ಸೆಯ ಸರದಿ ಬರುವ ಮುನ್ನವೇ ನನ್ನ ಹೆಂಡತಿ ತೀರಿಕೊಂಡಳು. ಅವಳ ಶಾಸನ ಉಳಿಯಿತು. ದೊಡ್ಡವರು ಅತ್ತರೆ ಕೂಸೂ ಅಳುವುದೆಂದು, ಅವಳ ಶವದ ಮುಂದೆ ನಾವಾರೂ ಅಳಲಿಲ್ಲ. ಗುರುಗ್ರಾಮದಿಂದ ಬಂದ ನನ್ನ ನಾದಿನಿ ಬಾಗಿಲಲ್ಲಿಯೇ ದನಿ ತೆಗೆಯಲು, ಮಗ ಅವಳನ್ನು ಹೊರಗಿನ ಮೆಟ್ಟಿಲಿಗೆ ಕರೆದೊಯ್ದು, "ಚಿಕ್ಕಮ್ಮ, ಇಲ್ಲಿ ಅತ್ತು ಮುಗಿಸಿ ಒಳಗೆ ಬನ್ನಿ" ಎಂದ. ಬಂದವರೆಲ್ಲರಿಗೂ ಅದೇ ವ್ಯವಸ್ಥೆಯಾಯಿತು. ಕೆಳಮನೆಯ ಹಿರಿಯರು ಹತ್ತಿಬಂದು, ನನ್ನ ಹೆಂಡತಿ ತೀರಿಕೊಂಡದ್ದು ಮೆಟ್ಟಿಲ ಮೇಲೆಯೋ ಎಂದು ಮೆಲ್ಲಗೆ ವಿಚಾರಿಸಿದರು. ನಾನು ಹೊರಗೆ ಹೋದಾಗ ಮೆಟ್ಟಿಲಲ್ಲಿ ಜಾಗವಿರಲಿಲ್ಲ.

೫. ವಾರ್ಡು

ಶಸ್ತ್ರಚಿಕಿತ್ಸೆಯಾಗಿ ಆರನೆಯ ದಿನ ನರ್ಸು ಕೂಸಿನ ಎದೆಯ ಪಟ್ಟಿಯನ್ನು ಕಿತ್ತಳು. ಕೂಸು ಚೀರಿ ಅತ್ತಿತು. ಮಗ ಸಮಾಧಾನಪಡಿಸಲು ಓಡಿದ, ವೈದ್ಯೆ ತಡೆದು, ಅಳಲಿ, ತುಟಿ ನೋಡಿ ಎಂದರು. ತುಟಿ ಕೆಂಪಗಿತ್ತು. ಇನ್ನೂ ಅತ್ತಿತು, ಇನ್ನೂ ಕೆಂಪಾಯಿತು. ಆಗ ಮೊದಲು ಸೊಸೆ, ಅವಳ ಹಿಂದೆ ಮಗ, ಅವರಿಬ್ಬರಿಗಿಂತ ದೊಡ್ಡ ದನಿಯಲ್ಲಿ ನಾನು, ನನ್ನ ಹೆಂಡತಿಗಾಗಿ ಅಳದೆ ಉಳಿಸಿಕೊಂಡುದನ್ನೆಲ್ಲ ಅಲ್ಲಿಯೇ ಅತ್ತೆವು. ಕೂಸು ಬೆಚ್ಚಿ, ತನ್ನ ಅಳುವನ್ನು ನಿಲ್ಲಿಸಿ, ನಮ್ಮನ್ನೇ ನೋಡತೊಡಗಿತು.

ನರ್ಸು ಸೊಂಟದ ಮೇಲೆ ಕೈಯಿಟ್ಟು ನನ್ನತ್ತ ತಿರುಗಿದಳು.

"ಮಗು ಸುಮ್ಮನಾಯಿತು, ಬಾಬೂಜಿ. ಈಗ ನಿಮ್ಮನ್ನು ಯಾರು ಎತ್ತಿಕೊಳ್ಳಬೇಕು?"