ಹಿಂದೆ ಸರಿಯುವ ಮನುಷ್ಯನಲ್ಲ

ಜಮೀರ್ ಹಿಂದೆ ಸರಿಯುವ ಮನುಷ್ಯನಲ್ಲ. ಹಾಗೆಂದು ಅವನೇ ಊರ ತುಂಬ ಹೇಳಿಕೊಂಡಿದ್ದ. ಹನ್ನೊಂದು ವರ್ಷ ಬ್ಯಾಡಗಿ ಮಾರುಕಟ್ಟೆಗೆ ಪಿಕಪ್ಪಿನಲ್ಲಿ ಮೆಣಸಿನಕಾಯಿ ಚೀಲ ಹೇರಿ ಹೇರಿ ಅವನ ಎದೆಯೊಳಗೆ ಘಾಟು ಮನೆ ಮಾಡಿತ್ತು. ನಕ್ಕರೂ ಕೆಮ್ಮು, ಸಿಟ್ಟಿಗೆದ್ದರೂ ಕೆಮ್ಮು. "ಮೆಣಸಿನಕಾಯಿ ಬಿಡು, ಇಲ್ಲಾ ನನ್ನ ಕಡೆ ಬರೂದು ಬಿಡು" ಎಂದು ಡಾಕ್ಟರು ಹೇಳಿದ ಮೇಲೆ ಅವನ ಕನಸಿನಲ್ಲೆಲ್ಲ ನೀರು. ಗಳಗನಾಥದಲ್ಲಿ, ವರದೆ ಬಂದು ತುಂಗಭದ್ರೆಯ ಕೈ ಹಿಡಿಯುವಲ್ಲಿ, ಜನರನ್ನು ಬೋಟಿನಲ್ಲಿ ಸುತ್ತಿಸಬೇಕು. ತಾನು ತಂಪು ಗಾಳಿಯನ್ನು ಎದೆ ತುಂಬ ಎಳೆದುಕೊಳ್ಳಬೇಕು.

ಬ್ಯಾಡಗಿಯಾಚೆಯ ಕೆರೆಯೊಂದರ ದಂಡೆಯಲ್ಲಿ ಮೂಲೆಗೆ ಬಿದ್ದಿದ್ದ ಇಪ್ಪತ್ತೆರಡು ಅಡಿಯ ಬೋಟು ಸಿಕ್ಕಿತು, ಅದನ್ನು ಹೊರುವ ಟ್ರೇಲರ್ ಸಮೇತ. ಗುರುವಾರ ಮೂರು ಗಂಟೆಗೆ ಹಾವೇರಿಯಿಂದ ಸಾಹೇಬರು ಬರುವವರು. ನಾಲ್ಕರೊಳಗೆ ಬೋಟು ನೀರಿನ ಮೇಲಿದ್ದರೆ ಪರವಾನಗಿ. ಇಲ್ಲದಿದ್ದರೆ ಇನ್ನೊಂದು ವರ್ಷ ಮೆಣಸಿನಕಾಯಿ.

"ಹಿಂದ ಟ್ರೇಲರ್ ಕಟ್ಕೊಂಡು ಎಂದಾರ ಗಾಡಿ ಹೊಡದೀರೇನ್ರಿ?" ಎಂದಳು ಹೆಂಡತಿ ದಿಲನಾಜ, ಆ ಗುರುವಾರ, ಪಿಕಪ್ಪಿನ ಪಕ್ಕದ ಸೀಟಿನಿಂದ.

"ಹದಿನಾಲ್ಕು ವರ್ಷ ಸಂಸಾರ ಎಳದೇನಿ. ಇದೇನ ಮಹಾ."

"ಎಳದೋರು ಯಾರಂತ ಆಮ್ಯಾಲೆ ಮಾತಾಡೂಣು. ಇವತ್ತ ಸಂತಿ ದಿನ, ಊರ ಹೊರಗಿನ ದಾರಿ ಹಿಡೀರಿ."

ಅವಳು ಬಲಕ್ಕೆಂದರೆ ಎಡಕ್ಕೆ ಹೋಗುವುದು ಜಮೀರ್ ಹದಿನಾಲ್ಕು ವರ್ಷದಿಂದ ಪಾಲಿಸಿಕೊಂಡು ಬಂದ ನೇಮ. ಊರೊಳಗೆ ನುಗ್ಗಿದ. ಕೈಗಳಿಗೂ ಅವುಗಳದೇ ನೆನಪಿರುತ್ತದೆ. ಹನ್ನೊಂದು ವರ್ಷ ತಿರುಗಿದ ಕಡೆಗೇ ಸ್ಟಿಯರಿಂಗ್ ತಿರುಗಿತು. ಎಚ್ಚರಾಗುವಷ್ಟರಲ್ಲಿ ಮುಂದೆ ಮೆಣಸಿನಕಾಯಿಯ ನಲವತ್ತು ಗಾಡಿ, ಹಿಂದೆ ಮೂವತ್ತು, ನಡುವೆ ಒಂದು ಬೋಟು.

"ಚೂರು ಹಿಂದಕ್ಕ ತಗೋರಿ, ಬಾಜೂ ಓಣಿಯಾಗ ಹೊಳ್ಳೂಣು."

ತೆಗೆದುಕೊಂಡ. ಬೋಟು ಮುನಿಸಿಕೊಂಡವರಂತೆ ಕತ್ತು ಹೊರಳಿಸಿ ಅಡ್ಡ ನಿಂತಿತು.

"ಇದು ಹಿಂದ ಸರಿಯಾಕ ಒಲ್ಲದು."

"ಥೇಟ್ ಮಾಲಕನ ಗುಣ."

ಉಳಿದ ದಾರಿ ಮುಂದಿನದೊಂದೇ, ಮಾರುಕಟ್ಟೆಯ ಗೇಟಿನೊಳಗಿಂದ. ಗೇಟಿನ ಅಂಜಿನಪ್ಪ ಪುಸ್ತಕದಿಂದ ತಲೆಯೆತ್ತದೆ ಕಾಯಿಯ ಜಾತಿ ಕೇಳಿದ. "ಕಡ್ಡೀನೋ, ಡಬ್ಬೀನೋ?"

"ಬೋಟು."

"ಅದ್ಯಾವುದೋ ಹೊಸಾ ತಳಿ? ಖಾರ ಹೆಂಗೈತಿ?"

"ತಂದೋರಿಗೆ ಕಣ್ಣಾಗ ನೀರ ಬರಾಕತ್ತಾವ ಅಣ್ಣಾರ, ಲಗೂ ಬಿಡ್ರಿ" ಎಂದಳು ದಿಲನಾಜ.

ಎರಡು ತಾಸಿನ ಮೇಲೆ ಆ ಕಡೆಯ ಗೇಟಿನಿಂದ ಹೊರಬಿದ್ದರು. ಕೆಂಪು ಧೂಳು ಹೊದ್ದ ಬೋಟು ಮದುವಣಗಿತ್ತಿಯಂತಿತ್ತು. ಜಮೀರ್ ಮಗಳನ್ನು ಬೀಳ್ಕೊಟ್ಟ ಅಪ್ಪನಂತೆ ದಾರಿಯುದ್ದ ಕಣ್ಣೊರೆಸಿಕೊಳ್ಳುತ್ತ ಕೆಮ್ಮಿದ.

ಗಳಗನಾಥ ಮುಟ್ಟಿದಾಗ ಮೂರೂವರೆ. ಸಾಹೇಬರು ಬೇವಿನ ಮರದ ನೆರಳಲ್ಲಿ ಕುಂತು ಗಡಿಯಾರ ನೋಡುತ್ತಿದ್ದರು. ಎದುರಿಗೆ ಹೊಳೆ ಯಾವ ಅವಸರವೂ ಇಲ್ಲದೆ ಹೊಳೆಯುತ್ತಿತ್ತು. ಆಗ ಜಮೀರನಿಗೆ ಹೊಳೆಯಿತು. ಬೋಟು ನೀರಿಗಿಳಿಯಬೇಕೆಂದರೆ ಟ್ರೇಲರ್ ಮೊದಲು ಇಳಿಯಬೇಕು. ಟ್ರೇಲರ್ ಮೊದಲು ಇಳಿಯಬೇಕೆಂದರೆ ಗಾಡಿ ಹಿಂದಕ್ಕೆ ಹೋಗಬೇಕು. ಭೂಮಿಯ ಮೇಲೆ ಅವನಿಗೆ ಬಾರದ ಕೆಲಸ ಅದೊಂದೇ.

"ದಿಲನಾಜ," ಎಂದ, ತಗ್ಗಿದ ದನಿಯಲ್ಲಿ, "ನೀ ಹಿಂದ ನಿಂತು ಹೇಳು. ಹೇಳಿದಂಗ ಮಾಡ್ತೇನಿ."

ಅವಳು ಬೋಟಿನ ಹಗ್ಗವನ್ನು ದಂಡೆಯ ಜಾಲಿ ಮರಕ್ಕೆ ಬಿಗಿದು ನಿಂತಳು. "ಬಲಕ್ಕ." ಬಲಕ್ಕೇ ತಿರುಗಿಸಿದ, ಬೋಟು ಎಡಕ್ಕೆ ಹೋಗಿ ಮುಳ್ಳಿನೊಳಗೆ ಮೂಗು ತೂರಿಸಿತು. "ಎಡಕ್ಕ." ಎಡಕ್ಕೇ ತಿರುಗಿಸಿದ, ಅದು ಬಲಕ್ಕೆ ಹೋಯಿತು. ಆರನೇ ಸಲ ಜಮೀರ್ ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷ. ಮೂಗಿಗೆ ಮತ್ತೆ ಮೆಣಸಿನಕಾಯಿ ವಾಸನೆ.

ದಿಲನಾಜ ಕಿಟಕಿಯ ಬಳಿ ಬಂದಳು. "ಇದು ನೀವು ತಿರುಗಿಸಿದ್ದರ ಉಲ್ಟಾ ಹೊಕ್ಕೈತಿ. ಅದಕ್ಕ ನಾ ಹೇಳಿದ್ದರ ಉಲ್ಟಾ ಮಾಡ್ರಿ. ರೂಢಿ ಐತೆಲ್ಲ."

ರೂಢಿ ಇತ್ತು. ಅವಳು ಬಲಕ್ಕೆಂದಳು, ಇವನು ಎಡಕ್ಕೆ. ಅವಳು ಎಡಕ್ಕೆಂದಳು, ಇವನು ಬಲಕ್ಕೆ. ಬೋಟು ನೀರು ಕುಡಿಯಲು ಹೊರಟ ಎಮ್ಮೆಯಂತೆ ನೆಟ್ಟಗೆ, ನಿಧಾನಕ್ಕೆ ಇಳಿಯಿತು. ನೀರು ಟ್ರೇಲರಿನ ಗಾಲಿ ಮುಟ್ಟಿತು, ಮುಚ್ಚಿತು. ಬೋಟು ಒಮ್ಮೆ ನಡುಗಿ ತೇಲಿತು. ಹದಿನಾಲ್ಕು ವರ್ಷದ ದಾಂಪತ್ಯ ಇಷ್ಟು ಚೆಂದ ಎಂದೂ ಸಾಗಿರಲಿಲ್ಲ.

"ನಿಂದರಸ್ರಿ!" ಎಂದಳು ದಿಲನಾಜ.

ಜಮೀರ್ ಎಕ್ಸಿಲೇಟರ್ ಒತ್ತಿದ.

ಅವನು ಕಿಟಕಿಯಿಂದ ಹೊರಬಂದು ಎದೆಮಟ್ಟದ ನೀರಿನಲ್ಲಿ ನಿಂತಾಗ ಪಿಕಪ್ಪಿನ ತಲೆಯಷ್ಟೇ ಕಾಣುತ್ತಿತ್ತು. ಬೋಟು ಹಗ್ಗದ ತುದಿಯಲ್ಲಿ ಹಾಯಾಗಿ ಓಲಾಡುತ್ತಿತ್ತು. ಸಾಹೇಬರು ದಂಡೆಗೆ ಬಂದು ಎರಡನ್ನೂ ನೋಡಿದರು.

"ಬೋಟು ತೇಲತೈತಿ, ಪರವಾನಗಿ ಕೊಡ್ತೇನಿ" ಎಂದರು. "ಆ ಇನ್ನೊಂದಕ್ಕ ಅರ್ಜಿ ಹಾಕಬ್ಯಾಡ್ರಿ."

ಜಮೀರ್ ಹೆಂಡತಿಯ ಮುಖ ನೋಡಿದ. "ನೀನ ಹೇಳಿದ್ಯಲ್ಲ, ಹೇಳಿದ್ದರ ಉಲ್ಟಾ ಮಾಡ್ರಿ ಅಂತ."

ದಿಲನಾಜ ಜಾಲಿ ಮರದ ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದಳು. ಸಂಜೆಯ ಬಿಸಿಲು ಪಿಕಪ್ಪಿನ ತಲೆಯ ಮೇಲೆ ಮಿನುಗುತ್ತಿತ್ತು.

"ಹದಿನಾಲ್ಕು ವರ್ಷದಾಗ ಇವತ್ತೊಂದಿನ ನನ್ನ ಮಾತು ಕೇಳೀರಿ" ಎಂದಳು. "ನಾಳಿಂದ ಮತ್ತ ಕೇಳೂದು ಬಿಟ್ಟಬಿಡ್ರಿ."