ಗಾಳಿಗಿಂತ ಮೂರು ಕಡಿಮೆ

ಮಣ್ಣಿನ ಉಷ್ಣಾಂಶವು ಗಾಳಿಯ ಉಷ್ಣಾಂಶಕ್ಕಿಂತ ಸದಾ ಮೂರು ಡಿಗ್ರಿ ಕಡಿಮೆ ಇರತಕ್ಕದ್ದು ಎಂಬುದು ಕೃಷಿ ಹವಾಮಾನ ಕಚೇರಿಯಲ್ಲಿ ಹದಿನಾಲ್ಕು ವರ್ಷಗಳಿಂದ ನಡೆದುಬಂದ ನಿಯಮ. ಮಣ್ಣು ಇದನ್ನು ಒಮ್ಮೆಯೂ ಲಿಖಿತವಾಗಿ ವಿರೋಧಿಸಿರಲಿಲ್ಲ.

ನಿಯಮದ ಜನಕ ಅಲ್ಲಿನ ಹಿರಿಯ ವೀಕ್ಷಕ. ದಿನಾ ಹೊಲಕ್ಕಿಳಿದು, ಕುಕ್ಕರಗಾಲಲ್ಲಿ ಕೂತು, ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ಓದುವುದು ಅವನ ಕೆಲಸ. ಗಾಳಿಯದ್ದಾದರೋ ಕಚೇರಿಯ ಮೆಟ್ಟಿಲ ಪಕ್ಕದಲ್ಲೇ ಇತ್ತು, ನಿಂತೇ ಓದಬಹುದಿತ್ತು. ಒಂದು ದಿನ ಮಂಡಿ ಹಿಡಿದುಕೊಂಡಿತು. ಗಾಳಿಯದ್ದನ್ನು ಓದಿ, ಮೂರು ಕಳೆದು ಬರೆದ. ಯಾರೂ ಕೇಳಲಿಲ್ಲ. ಮಂಡಿ ವಾಸಿಯಾದ ಮೇಲೂ ಕಳೆಯುವುದನ್ನು ಬಿಡಲಿಲ್ಲ. ಐದನೇ ವರ್ಷ ನಿರ್ದೇಶಕರು ಅಂಕಿಗಳ ಶಿಸ್ತು ಮೆಚ್ಚಿ, ಅದನ್ನು ಸೂತ್ರವೆಂದು ಸಾರಿ, ಪ್ರಶಸ್ತಿಪತ್ರ ಕೊಟ್ಟರು. ಅವನು ಅದಕ್ಕೆ ಚೌಕಟ್ಟು ಹಾಕಿಸಿದ. ತನ್ನ ಮಂಡಿಯೊಳಗೆ ಒಬ್ಬ ವಿಜ್ಞಾನಿ ಇದ್ದಾನೆಂದು ಅವನಿಗೂ ನಂಬಿಕೆ ಬರತೊಡಗಿತ್ತು.

ಹದಿನಾಲ್ಕನೇ ವರ್ಷದ ಬೇಸಿಗೆಯಲ್ಲಿ ಅವನ ಅಕ್ಕ ಕಚೇರಿಯ ಪ್ರಕಟಣೆ ನೋಡಿ ಹುರುಳಿಕಾಯಿ ಬೀಜ ಬಿತ್ತಿದಳು. ಹತ್ತು ದಿನವಾದರೂ ಒಂದೂ ಮೊಳೆಯಲಿಲ್ಲ. ನೆಲ ಕೆದಕಿ, ಸಿಕ್ಕ ಬೀಜಗಳನ್ನು ಅಂಗೈಯಲ್ಲಿ ಹಿಡಿದು ತಮ್ಮನ ಮನೆಗೇ ಬಂದಳು.

"ಬೆಂದಿದೆ ನೋಡೋ. ನೀನು ಇಪ್ಪತ್ತೊಂಬತ್ತು ಅಂದಿದ್ದೆ. ಆ ಮಣ್ಣಲ್ಲಿ ಬರಿಗಾಲು ಇಡೋಕಾಗಲ್ಲ."

"ಸೂತ್ರದ ಪ್ರಕಾರ ತಂಪಿರಬೇಕಲ್ಲಕ್ಕಾ."

"ಸೂತ್ರ ನಿನ್ನ ಹತ್ರ ಇದೆ, ಮಣ್ಣು ನನ್ನ ಹತ್ರ ಇದೆ. ಬಂದು ನೋಡು."

ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವನು ಮಣ್ಣಿನ ಥರ್ಮಾಮೀಟರನ್ನು ಡಬ್ಬಿಯಿಂದ ತೆಗೆದ. ಮಧ್ಯಾಹ್ನ ಗಾಳಿ ಮೂವತ್ತೆರಡು. ಅಕ್ಕನ ಬೋಳು ಹೊಲದ ಮಣ್ಣು ನಲವತ್ತೊಂದು. ಬದುವಿನಾಚೆ, ಎದೆಯೆತ್ತರ ಬೆಳೆದ ಜೋಳದ ಬುಡದಲ್ಲಿ ಇಪ್ಪತ್ತೇಳು. ಮರುದಿನ ಬೆಳಗಿನ ಚಳಿಯಲ್ಲಿ ಹೋದರೆ ಜೋಳದ ಬುಡದ ಮಣ್ಣು ಗಾಳಿಗಿಂತ ಬೆಚ್ಚಗೆ. ಮೂರು ಎಲ್ಲೂ ಸಿಗಲಿಲ್ಲ. ಅವನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾಡಿಗೆಲ್ಲ ತಾನು ವರದಿ ಮಾಡಿದ್ದು ತನ್ನ ಮಂಡಿಯ ಸ್ಥಿತಿಗತಿಯನ್ನು.

ನೇರ ನಿರ್ದೇಶಕರ ಕೋಣೆಗೆ ಹೋದ.

"ಒಂದೇ ಗಾಳಿಗೆ ಎರಡು ಥರದ ಮಣ್ಣು ಹೇಗ್ರೀ?" ಎಂದರು ಅವರು.

"ಬೆಳೆ ನೆರಳು ಕೊಡುತ್ತೆ ಸರ್. ಬೋಳು ನೆಲಕ್ಕೆ ಬಿಸಿಲು ನೇರ ಬೀಳುತ್ತೆ."

"ನಮೂನೆಯಲ್ಲಿ ನೆರಳಿಗೆ ಕಾಲಂ ಇದೆಯಾ?"

"ಇಲ್ಲ ಸರ್."

"ಮತ್ತೆ?"

"ಆ ಸೂತ್ರ ನಾನು ಸುಮ್ಮನೆ ಬರೆದದ್ದು ಸರ್. ಮಂಡಿ ನೋಯ್ತಿತ್ತು."

"ದೊಡ್ಡವರಿಗೆ ಈ ವಿನಯ ಇರಬೇಕು. ಆದರೂ ಆಕ್ಷೇಪಣೆ ಅಂತಿದ್ದರೆ ಬರೆದು ಕೊಡಿ."

ಬರೆದು ಕೊಟ್ಟ. ನಿಯಮಾನುಸಾರ ಅದು ವಿಷಯ ತಜ್ಞರ ಅಭಿಪ್ರಾಯಕ್ಕೆ ಹೋಯಿತು. ತಜ್ಞ ಅವನೇ. ಕಡತ ಮೇಜಿಗೆ ಬಂದು ಕೂತರೂ ಎರಡು ದಿನ ಮುಟ್ಟಲಿಲ್ಲ. ಒಪ್ಪಿದರೆ ಸುಳ್ಳು ಅಂಕಿಗಳಿಗಾಗಿ ವಿಚಾರಣೆ ಎದುರಿಸಬೇಕಾದವನೂ ಅವನೇ; ನಿವೃತ್ತಿಗೆ ಏಳು ತಿಂಗಳಿತ್ತು. ಮೂರನೇ ದಿನ ಬರೆದ: 'ಆಕ್ಷೇಪಣೆಯಲ್ಲಿ ಹುರುಳಿಲ್ಲ. ಆಕ್ಷೇಪಿಸಿದವರಿಗೆ ವಿಷಯದ ಪರಿಚಯ ಸಾಲದು.' ಎರಡನೇ ವಾಕ್ಯವಾದರೂ ನಿಜ ಎಂಬುದು ಅವನಿಗೆ ಕೊಂಚ ಸಮಾಧಾನ ತಂದಿತು.

ಆ ವಾರವೇ ಪ್ರಕಟಣೆ ಹೊರಬಿತ್ತು: 'ಸೂತ್ರಕ್ಕಿಂತ ಹೆಚ್ಚಾಗಿ ಕಂಡುಬರುವ ಉಷ್ಣಾಂಶವನ್ನು ಆಯಾ ಹೊಲದವರ ಖಾಸಗಿ ಬಿಸಿ ಎಂದು ಪರಿಗಣಿಸಲಾಗುವುದು. ಅಂಥವರು ಬಿತ್ತನೆಗೆ ಮುಂಚೆ ನಿಗದಿತ ನಮೂನೆಯಲ್ಲಿ ದೃಢೀಕರಣ ಪಡೆಯತಕ್ಕದ್ದು.' ದೃಢೀಕರಿಸುವ ಅಧಿಕಾರಿಯಾಗಿ ಸೂತ್ರದ ಜನಕನನ್ನೇ ನೇಮಿಸಲಾಯಿತು.

ಮರುವಾರ ಕಚೇರಿ ಮುಂದೆ ಸಾಲು ನಿಂತಿತು. ಯಾರೂ ಗೊಣಗಲಿಲ್ಲ, ಮೊದಲೇ ತುಂಬಿದವರು ಹಿಂದಿನವರಿಗೆ ನಮೂನೆ ತುಂಬುವುದನ್ನು ಹೇಳಿಕೊಡುತ್ತಿದ್ದರು. ಹನ್ನೊಂದನೆಯವಳು ಅಕ್ಕ.

"ಖಾಸಗಿ ಬಿಸಿ ಎಷ್ಟು?" ಅವನು ತಲೆ ಎತ್ತದೆ ಕೇಳಿದ.

"ಹನ್ನೆರಡು ಡಿಗ್ರಿ."

"ಅಳೆದವರು ಯಾರು?"

"ನೀನೇ ಅಲ್ವೇನೋ."

'ಅರ್ಜಿದಾರರ ಹೇಳಿಕೆಯಂತೆ' ಎಂದು ಬರೆದ. ಕೊನೆಯ ಕಾಲಂಗೆ ಬಂದಾಗ ಪೆನ್ನು ನಿಂತಿತು: 'ಅರ್ಜಿದಾರರಿಗೂ ಅಧಿಕಾರಿಗೂ ಸಂಬಂಧವಿದೆಯೇ?'

ಅಕ್ಕ ಬಗ್ಗಿ ಓದಿದಳು.

"ಇಲ್ಲ ಅಂತ ಬರ್ಕೊಳ್ಳಪ್ಪ. ಇದೆ ಅಂದ್ರೆ ಇನ್ನೊಂದು ಫಾರಂ ತುಂಬಿಸ್ತಾರೆ. ಬಿತ್ತನೆ ತಡ ಆಗುತ್ತೆ."

ಅವನು 'ಇಲ್ಲ' ಎಂದು ಬರೆದು, ಮೊಹರು ಒತ್ತಿ, ಮುಂದಿನವರನ್ನು ಕರೆದ.